ಕಡಲಿನ ಸಂಧ್ಯಾವಲಯವೂ ಇಂಗಾಲದ ಲೆಕ್ಕವೂ

ಹವಾಮಾನದ ಬದಲಾವಣೆಯನ್ನು ಕುರಿತ ಚರ್ಚೆಗಳಲ್ಲಿ ಈಚೆಗೆ ಒಂದು ವಾದವು ಪದೇ ಪದೇ ತಲೆಯೆತ್ತುತ್ತಿದೆ. ಅದನ್ನು ಹೇಳುವವರು ವಿದ್ಯಾವಂತರೂ ಸದುದ್ದೇಶವುಳ್ಳವರೂ ಆಗಿರುವುದರಿಂದ ಉಪೇಕ್ಷಿಸಿ ಮುಂದೆ ಹೋಗುವಂತಿಲ್ಲ. ಸಮುದ್ರದ ಮೇಲ್ಮೈಯಿಂದ 200 ಮೀಟರ್ ಕೆಳಗೆ ಮೊದಲಾಗಿ 1,000 ಮೀಟರ್‌ವರೆಗೆ ಹಬ್ಬಿರುವ ಜಲಸ್ತರದಲ್ಲಿ ಬೆಳಕು ಪೂರ್ತಿಯಾಗಿ ನಂದಿರುವುದಿಲ್ಲ, ಸಸ್ಯವು ಬದುಕುವುದಕ್ಕೆ ಸಾಲುವಷ್ಟು ಉಳಿದಿರುವುದೂ ಇಲ್ಲ. ಸಂಧ್ಯಾವಲಯವೆಂದು ಹೆಸರುಗೊಂಡಿರುವ ಈ ಸ್ತರದ ಮೂಲಕ, ಅಲ್ಲಿಯ ಜೀವಿಗಳ ದೆಸೆಯಿಂದ, ಪ್ರತಿ ವರ್ಷವೂ 200ರಿಂದ 600 ಕೋಟಿ ಟನ್ ಇಂಗಾಲವು ಆಳಕ್ಕೆ ಇಳಿಯುತ್ತದೆಂದು ಅಂದಾಜು ಮಾಡಿದ್ದಾರೆ. ಜಗತ್ತಿನ ಮೋಟಾರು ವಾಹನಗಳೆಲ್ಲ ಸೇರಿ ಉಗುಳುವ ಇಂಗಾಲದ ಆರು ಪಟ್ಟಿನವರೆಗೂ ಈ ಮೊತ್ತ ಹೋಗುತ್ತದೆಂದು ಹೋಲಿಸಿ ಹೇಳುವುದೂ ಉಂಟು. ಇಷ್ಟನ್ನು ಹೇಳಿ, ಸಂಧ್ಯಾವಲಯವು ನಾವು ಹೊರಹಾಕಿದ ಹೊಗೆಯ ಗಣನೀಯ ಭಾಗವನ್ನು ಸದ್ದಿಲ್ಲದೆ ನುಂಗಿ ನಮ್ಮನ್ನು ಕಾಯುತ್ತಿದೆಯೆಂದೂ, ಸ್ವಲ್ಪ ನೆರವು ಕೊಟ್ಟರೆ ಇನ್ನೂ ಹೆಚ್ಚು ನುಂಗೀತೆಂದೂ ವಾದವನ್ನು ಮುಗಿಸುತ್ತಾರೆ. ಮೊದಲ ಎರಡು ಹೇಳಿಕೆಗಳನ್ನು ಒಪ್ಪಿಯೂ ಕೊನೆಯದನ್ನು ನಿರಾಕರಿಸಬಹುದು, ಮಾತ್ರವಲ್ಲ ನಿರಾಕರಿಸಲೇಬೇಕು ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇನೆ.

ಮೊದಲು ಪೂರ್ವಪಕ್ಷಕ್ಕೆ ನ್ಯಾಯ ಸಲ್ಲಬೇಕು. ಸಂಧ್ಯಾವಲಯದ ಜೀವಸಮೃದ್ಧಿಯು ಕಟ್ಟುಕಥೆಯಲ್ಲ. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಶತ್ರುಗಳ ಜಲಾಂತರ್ಗಾಮಿಗಳನ್ನು ಶಬ್ದದ ಪ್ರತಿಧ್ವನಿಯಿಂದ ಪತ್ತೆಹಚ್ಚುವ ಸೋನಾರ್ ಉಪಕರಣವನ್ನು ಕ್ಯಾಲಿಫೋರ್ನಿಯದ ಕರಾವಳಿಯಾಚೆ ಪರೀಕ್ಷಿಸುತ್ತಿದ್ದವರಿಗೆ, ನಿಜವಾದ ತಳವು ಇನ್ನೂ ಎಷ್ಟೋ ಕೆಳಗಿರುವಾಗಲೇ, ನಡುನೀರಿನಲ್ಲಿ ಇನ್ನೊಂದು ತಳವಿದ್ದಂತೆ ಪ್ರತಿಧ್ವನಿ ಮರಳಿತು. ಆ ಸುಳ್ಳುತಳವು ಸಂಜೆ ಮೇಲಕ್ಕೇರಿ ಬೆಳಗಾಗುವಾಗ ಕೆಳಕ್ಕಿಳಿಯುವುದನ್ನು 1945ರಲ್ಲಿ ಸ್ಕ್ರಿಪ್ಸ್ ಸಮುದ್ರವಿಜ್ಞಾನ ಸಂಸ್ಥೆಯ ಮಾರ್ಟಿನ್ ಜಾನ್ಸನ್ ತೋರಿಸಿದ ಮೇಲೆ, ಅದು ಜೀವಿಗಳ ದಂಡೆಂಬುದರಲ್ಲಿ ಸಂದೇಹ ಉಳಿಯಲಿಲ್ಲ. ಲಾಂದ್ರಮೀನುಗಳು, ಸೀಗಡಿಯ ಬಳಗದವು, ಲೋಳೆಮೀನಿನಂಥ ಮೆದುಮೈಯವು, ಇವೆಲ್ಲ ಕತ್ತಲೆಯ ಮರೆಯಲ್ಲಿ ಮೇಲ್ನೀರಿಗೆ ಬಂದು ಹೊಟ್ಟೆ ತುಂಬಿಸಿಕೊಂಡು, ಕಣ್ಣಿನಿಂದ ಬೇಟೆಯಾಡುವ ದೊಡ್ಡ ಮೀನುಗಳಿಗೆ ಹೆದರಿ ಬೆಳಕು ಹರಿಯುವ ಮುನ್ನ ಮತ್ತೆ ಆಳಕ್ಕೆ ಸರಿಯುತ್ತವೆ. ಪ್ರತಿದಿನವೂ ನಡೆಯುವ ಪ್ರಾಣಿಸಂಚಾರಗಳಲ್ಲಿ ಭೂಮಂಡಲದಲ್ಲಿ ಇದಕ್ಕಿಂತ ದೊಡ್ಡದಿಲ್ಲ. ಮೇಲೆ ತಿಂದದ್ದನ್ನು ಕೆಳಗೆ ಉಸಿರಾಗಿಯೂ ಮಲವಾಗಿಯೂ ಬಿಡುವುದರಿಂದ ಇಂಗಾಲವು ಅವುಗಳ ಒಡಲಿನಲ್ಲಿಯೇ ಸವಾರಿ ಮಾಡಿದಂತಾಗುತ್ತದೆ. ಇದಲ್ಲದೆ, ಬಿಸಿಲು ಬೀಳುವ ಮೇಲ್ನೀರಿನಲ್ಲಿ ಸಸ್ಯಪ್ಲವಕಗಳೆಂಬ ಕಣ್ಣಿಗೆ ಕಾಣದ ತೇಲುಸಸ್ಯಗಳು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಇಂಗಾಲವನ್ನು ದೇಹಗತ ಮಾಡಿಕೊಳ್ಳುತ್ತವೆ. ಅದರಲ್ಲಿ ಐದರಲ್ಲೊಂದು ಪಾಲಿನಷ್ಟು, ಸತ್ತ ಕಣಗಳ ರೂಪದಲ್ಲಿ, ಬೆಳಕಿನ ಎಲ್ಲೆಯನ್ನು ದಾಟಿ ಕೆಳಕ್ಕಿಳಿಯುತ್ತದೆ. 1985ರಲ್ಲಿ ವೋಕ್ ಮತ್ತು ಹಾಫರ್ಟ್ ಎಂಬ ವಿಜ್ಞಾನಿಗಳು ಈ ವ್ಯಾಪಾರಕ್ಕೆ 'ಜೈವಿಕ ಪಂಪು' ಎಂದು ಹೆಸರಿಟ್ಟರು, ಹೆಸರು ನಿಂತಿತು. ಈ ಪಂಪು ನಿಂತುಹೋದರೆ ವಾತಾವರಣದ ಇಂಗಾಲಾಮ್ಲ ವಾಯು, ಎಂದರೆ ಇಂಗಾಲದ ಡೈಆಕ್ಸೈಡು, ದಶಲಕ್ಷಕ್ಕೆ ಹೆಚ್ಚುಕಡಮೆ 200 ಭಾಗದಷ್ಟು ಏರುವುದೆಂಬ ಗಣನೆಯೂ ಇದೆ. ಇಷ್ಟೆಲ್ಲ ನಿಜವಾಗಿರುವಾಗ, ಸಂಧ್ಯಾವಲಯವು ನಮ್ಮ ಹೊಗೆಯನ್ನು ನುಂಗುತ್ತಿದೆಯೆಂದು ನಂಬುವುದರಲ್ಲಿ ಏನು ತಪ್ಪೆಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ಅಸಂಗತವೆನಿಸುವುದಿಲ್ಲ.

ತಪ್ಪಿರುವುದು ಹರಿವನ್ನೂ ಸಂಗ್ರಹವನ್ನೂ ಒಂದೆಂದು ಎಣಿಸುವುದರಲ್ಲಿ. ಕೆರೆಯೊಂದಕ್ಕೆ ಕಾಲುವೆಯಿಂದ ದಿನವೂ ನೀರು ಬರುತ್ತಿದ್ದು, ಅಷ್ಟೇ ನೀರು ತೂಬಿನಿಂದ ಹೊರಕ್ಕೆ ಹೋಗುತ್ತಿದ್ದರೆ ಕೆರೆಯ ಮಟ್ಟ ಇದ್ದಲ್ಲಿಯೇ ಇರುತ್ತದೆ. ಕಾಲುವೆಯ ನೀರನ್ನು ಮಾತ್ರ ಅಳೆದು, ಕೆರೆ ವರ್ಷಕ್ಕೆ ಇಷ್ಟು ತುಂಬಿತೆಂದು ಬರೆದಿಡುವ ಶಾನುಭೋಗನನ್ನು ಯಾವ ಅಮಲ್ದಾರನೂ ಕ್ಷಮಿಸಲಾರನು. ಸಂಧ್ಯಾವಲಯಕ್ಕೆ ಇಳಿಯುವ ಇಂಗಾಲದ ಬಹುಪಾಲು ಅಲ್ಲಿಯೇ ಕೊಳೆತು, ನೀರಿನಲ್ಲಿ ಕರಗಿದ ಇಂಗಾಲಾಮ್ಲವಾಗಿ, ಪ್ರವಾಹಗಳು ಆ ನೀರನ್ನು ಮೇಲಕ್ಕೆ ತಂದಾಗ ಮತ್ತೆ ಗಾಳಿಯ ಸಂಪರ್ಕಕ್ಕೆ ಬರುತ್ತದೆ. 200ರಿಂದ 600 ಕೋಟಿ ಟನ್ ಎಂಬುದು ಇಳಿಯುವುದರ ಲೆಕ್ಕ. ಏರುವುದು ಅದರಲ್ಲಿ ಕಳೆದಿಲ್ಲ. ಇದನ್ನು ಒಪ್ಪದವರು ಒಂದು ಸಣ್ಣ ಗಣಿತ ಮಾಡಿ ನೋಡಬಹುದು. ಕೈಗಾರಿಕೆಯ ಯುಗಕ್ಕೆ ಮುಂಚೆ ವಾತಾವರಣದಲ್ಲಿದ್ದ ಇಂಗಾಲವೆಲ್ಲ ಸೇರಿ ಸುಮಾರು 60,000 ಕೋಟಿ ಟನ್. ಸಂಧ್ಯಾವಲಯವು ವರ್ಷಕ್ಕೆ 200 ಕೋಟಿ ಟನ್ ಇಂಗಾಲವನ್ನು ನಿಜವಾಗಿಯೂ ಕಿತ್ತುಕೊಂಡು ಇಟ್ಟುಕೊಳ್ಳುತ್ತಿದ್ದರೆ 300 ವರ್ಷಗಳಲ್ಲಿ, 600 ಕೋಟಿಯಾದರೆ 100 ವರ್ಷಗಳಲ್ಲಿ, ಗಾಳಿಯಲ್ಲಿ ಇಂಗಾಲವೇ ಉಳಿಯದೆ ಭೂಮಿಯ ಮೇಲಿನ ಹಸುರೆಲ್ಲ ಸತ್ತಿರಬೇಕಾಗಿತ್ತು. ಆದರೆ ಮಂಜಿನ ಯುಗ ಕಳೆದ ಮೇಲಿನ ಸುಮಾರು ಹತ್ತು ಸಾವಿರ ವರ್ಷಗಳುದ್ದಕ್ಕೂ ಇಂಗಾಲಾಮ್ಲವು ದಶಲಕ್ಷಕ್ಕೆ 260ರಿಂದ 280 ಭಾಗಗಳ ಆಸುಪಾಸಿನಲ್ಲಿಯೇ ಇದ್ದಿತು. ಜೈವಿಕ ಪಂಪು ಅಷ್ಟು ಕಾಲವೂ ಒಂದು ದಿನ ಬಿಡುವಿಲ್ಲದೆ ನಡೆಯುತ್ತಿದ್ದಿತು. ಇಳಿದದ್ದಕ್ಕೆ ಸಮನಾಗಿ ಮರಳುತ್ತಿತ್ತೆಂಬ ಒಂದೇ ಊಹೆಯಿಂದ ಈ ಎರಡು ಸಂಗತಿಗಳು ಹೊಂದುತ್ತವೆ. ವಾಹನಗಳ ಹೊಗೆಯೊಡನೆ ಮಾಡುವ ಹೋಲಿಕೆಯ ಅಸಂಬದ್ಧತೆಯೂ ಇಲ್ಲಿಯೇ ತೋರುತ್ತದೆ: ವಾಹನದಿಂದ ಹೊರಟ ಇಂಗಾಲವು ಕೋಟ್ಯಂತರ ವರ್ಷ ನೆಲದಡಿಯಲ್ಲಿ ಹೂತಿದ್ದು ಹೊಸದಾಗಿ ಲೆಕ್ಕಕ್ಕೆ ಸೇರಿದ್ದು, ಪಂಪಿನ ಇಂಗಾಲವು ಹಳೆಯ ಲೆಕ್ಕದೊಳಗೆ ಸುತ್ತುತ್ತಿರುವುದು.

ಅದಕ್ಕೆ ಪ್ರತಿಯಾಗಿ ಹೀಗೆ ಹೇಳಬಹುದು: ಹಿಂದೆ ಸಮತೂಕವಿದ್ದಿರಬಹುದು, ಈಗ ಗಾಳಿಯಲ್ಲಿ ಇಂಗಾಲಾಮ್ಲ ಹೆಚ್ಚಿರುವುದರಿಂದ ಸಸ್ಯಪ್ಲವಕಗಳು ಹೆಚ್ಚು ತಿಂದು ಹೆಚ್ಚು ಬೆಳೆದು ಪಂಪಿನ ವೇಗ ಹೆಚ್ಚಿರಬಾರದೇಕೆ? ನೆಲದ ಮೇಲಿನ ಗಿಡಮರಗಳ ಮಟ್ಟಿಗೆ ಈ ತರ್ಕಕ್ಕೆ ಸ್ವಲ್ಪ ಆಧಾರವುಂಟು. ಸಮುದ್ರದಲ್ಲಿ ಸಂಗತಿ ಬೇರೆ. ಸಮುದ್ರದ ನೀರಿನಲ್ಲಿ ಕರಗಿರುವ ಇಂಗಾಲವು ಒಟ್ಟು 38 ಲಕ್ಷ ಕೋಟಿ ಟನ್‌ಗಳಷ್ಟು, ಎಂದರೆ ವಾತಾವರಣದಲ್ಲಿರುವುದರ ನಲವತ್ತು ಪಟ್ಟಿಗೂ ಮಿಗಿಲು. ಪ್ಲವಕಗಳು ಇಂಗಾಲಕ್ಕಾಗಿ ಹಸಿದಿಲ್ಲ. ಅವುಗಳಿಗೆ ಕೊರತೆಯಿರುವುದು ಸಾರಜನಕ, ರಂಜಕ, ಕೆಲವೆಡೆ ಕಬ್ಬಿಣ. 1934ರಲ್ಲಿ ಆಲ್ಫ್ರೆಡ್ ರೆಡ್‌ಫೀಲ್ಡ್ ಅವರು ಬೇರೆಬೇರೆ ಸಾಗರಗಳ ನೀರನ್ನೂ ಪ್ಲವಕಗಳನ್ನೂ ಪರೀಕ್ಷಿಸಿ ಈ ಮೂಲವಸ್ತುಗಳ ನಡುವಣ ಅನುಪಾತವು ಎಲ್ಲೆಡೆಯೂ ಬಹುಮಟ್ಟಿಗೆ ಒಂದೇ ಎಂದು ಕಂಡುಕೊಂಡರು. ಮುಂದೆ ಪರಿಷ್ಕೃತವಾಗಿ ನೆಲೆಗೊಂಡ ಲೆಕ್ಕದಂತೆ, ರಂಜಕದ ಒಂದು ಪರಮಾಣುವಿಗೆ ಸಾರಜನಕದ 16, ಇಂಗಾಲದ 106. ಇದರಿಂದ ಹೊರಡುವ ಫಲಿತಾಂಶವು ಮೊದಲ ನೋಟಕ್ಕೆ ತೋರುವುದಕ್ಕಿಂತ ಗಂಭೀರವಾದದ್ದು. ಆಳದ ನೀರು ಮೇಲೇರಿ ಪೋಷಕಾಂಶವನ್ನು ತಂದರೆ ಮಾತ್ರ ಪ್ಲವಕ ಬೆಳೆಯುತ್ತದೆ; ಆದರೆ ಆ ಪೋಷಕಾಂಶವು ಹಿಂದೊಮ್ಮೆ ಮುಳುಗಿ ಕೊಳೆತ ಜೀವಿಗಳದ್ದೇ ಆದ್ದರಿಂದ, ಅದರ ಜೊತೆಜೊತೆಯಲ್ಲಿ ಅದೇ ಅನುಪಾತದ ಇಂಗಾಲವೂ ಮೇಲಕ್ಕೆ ಬಂದಿರುತ್ತದೆ. ಹೊಸ ಬೆಳೆಯು ಹೀರುವ ಇಂಗಾಲವು ಬಹುಪಾಲು ಅದೇ ನೀರು ಹೊತ್ತುತಂದ ಹಳೆಯ ಇಂಗಾಲಕ್ಕೆ ಸರಿಹೋಗುತ್ತದೆ. ನಮ್ಮ ಹೊಗೆಗೂಡುಗಳ ಇಂಗಾಲವನ್ನು ಈ ಚಕ್ರದೊಳಗೆ ತುರುಕುವುದಕ್ಕೆ ಬೇಕಾದ ಹೆಚ್ಚುವರಿ ರಂಜಕವೂ ಸಾರಜನಕವೂ ಹೊಗೆಯ ಜೊತೆಯಲ್ಲಿ ಸಮುದ್ರಕ್ಕೆ ಹೋಗುವುದಿಲ್ಲ.

ಹಾಗಾದರೆ ಮಾನವನು ಬಿಡುವ ಇಂಗಾಲಾಮ್ಲದ ಕಾಲುಭಾಗವನ್ನು ಸಮುದ್ರವು ಹೀರುತ್ತಿದೆಯೆಂದು ಹೇಳುತ್ತಾರಲ್ಲ, ಅದು ಸುಳ್ಳೇ? ಸುಳ್ಳಲ್ಲ, 1994ರಿಂದ 2007ರ ನಡುವೆ ಸುಮಾರು 3,400 ಕೋಟಿ ಟನ್ ಮಾನವಕೃತ ಇಂಗಾಲ ಸಮುದ್ರ ಸೇರಿತೆಂದು ಜಲಪರೀಕ್ಷೆಗಳಿಂದಲೇ ಸಿದ್ಧಪಟ್ಟಿದೆ. ಆದರೆ ಅದನ್ನು ಮಾಡುತ್ತಿರುವುದು ಮೀನೂ ಅಲ್ಲ, ಪ್ಲವಕವೂ ಅಲ್ಲ, ರಸಾಯನ. ಗಾಳಿಯಲ್ಲಿ ಒತ್ತಡ ಹೆಚ್ಚಿದ ವಾಯುವು ನೀರಿನಲ್ಲಿ ಕರಗಿ, ಅಲ್ಲಿಯ ಕಾರ್ಬೊನೇಟಿನೊಡನೆ ಸೇರಿ ಬೈಕಾರ್ಬೊನೇಟ್ ಆಗುತ್ತದೆ. ಜೀವವೇ ಇಲ್ಲದ ಸಮುದ್ರದಲ್ಲಿಯೂ ಅದು ಆಗುತ್ತಿತ್ತು. ಈ ಹೀರಿಕೆಗೆ ಎರಡು ಮಿತಿಗಳಿವೆ. ರೋಜರ್ ರೆವೆಲ್ ಮತ್ತು ಹಾನ್ಸ್ ಸೂಸ್ 1957ರಷ್ಟು ಹಿಂದೆಯೇ ಗುರುತಿಸಿದಂತೆ, ಗಾಳಿಯ ಇಂಗಾಲಾಮ್ಲ ಶೇಕಡಾ 10 ಏರಿದಾಗ ಮೇಲ್ನೀರಿನ ಇಂಗಾಲ ಶೇಕಡಾ 1ರಷ್ಟು ಮಾತ್ರ ಏರಿ ಸಮಸ್ಥಿತಿಗೆ ನಿಲ್ಲುತ್ತದೆ. ಹೀರಿದಷ್ಟೂ ಹೀರುವ ಶಕ್ತಿ ಕುಂದುತ್ತದೆ. ಎರಡನೆಯದಾಗಿ, ಮೇಲ್ನೀರು ಆಳಕ್ಕೆ ಹೋಗಿ ಹೊಸ ನೀರು ಮೇಲೆ ಬರುವ ವೇಗವೇ ಹೀರಿಕೆಯ ವೇಗ. ಮೇಲ್ನೀರು ಕಾದು ಹಗುರಾದಷ್ಟೂ ಅದು ಮುಳುಗಲೊಲ್ಲದು. ಸಮುದ್ರದ ಈ ಉಪಕಾರಕ್ಕೆ ಬೆಲೆಯೂ ಇದೆ: ಮೇಲ್ನೀರು ಆಮ್ಲತೆಯತ್ತ ಸರಿಯುತ್ತಿದ್ದು ಚಿಪ್ಪು ಕಟ್ಟುವ ಜೀವಿಗಳಿಗೆ ಸುಣ್ಣ ದುರ್ಲಭವಾಗುತ್ತಿದೆ. ರಸಾಯನದ ಈ ದುಡಿಮೆಯನ್ನು ಸಂಧ್ಯಾವಲಯದ ಮೀನುಗಳ ಹೆಸರಿಗೆ ಬರೆದುಕೊಂಡದ್ದೇ ಪೂರ್ವಪಕ್ಷದ ಮೂಲಪ್ರಮಾದ.

ಇಲ್ಲಿ ಎದುರಾಳಿಯು ಇನ್ನೊಂದು ತುದಿಗೆ ಹಾರಿ, ಪಂಪು ನಮ್ಮ ಹೊಗೆಯನ್ನು ಹೀರುವುದಿಲ್ಲವೆಂದ ಮೇಲೆ ಸಂಧ್ಯಾವಲಯಕ್ಕೂ ಹವಾಮಾನಕ್ಕೂ ಸಂಬಂಧವೇ ಇಲ್ಲವೆಂದು ಒಪ್ಪಿಕೊಳ್ಳಿರೆಂದು ಕೇಳಬಹುದು. ಇದು ಮೊದಲನೆಯದಕ್ಕಿಂತ ಅಪಾಯಕರವಾದ ತಪ್ಪು. ಮಟ್ಟವು ಬದಲಾಗದೆ ನಿಂತಿದೆಯೆಂಬುದರಿಂದ ಆ ಮಟ್ಟಕ್ಕೆ ಕಾರಣವಿಲ್ಲವೆಂದು ಹೇಗೆ ಸಿದ್ಧಿಸೀತು? ಗಾಳಿಯ ಇಂಗಾಲಾಮ್ಲವು 280ರಲ್ಲಿ ನಿಂತಿದ್ದು 480ರಲ್ಲಿ ನಿಲ್ಲದೆ ಹೋದದ್ದು, ಇಳಿದ ಇಂಗಾಲವು ಮರಳುವುದಕ್ಕೆ ಮುನ್ನ ಎಷ್ಟು ಕಾಲ ಕೆಳಗೆ ತಂಗುತ್ತದೆಂಬುದರಿಂದ. ತಂಗುವ ಕಾಲವು ಅದು ಎಷ್ಟು ಆಳದಲ್ಲಿ ಕೊಳೆಯಿತೆಂಬುದನ್ನು ಅವಲಂಬಿಸಿದೆ. ಒಂದು ಕಣದ ಜೊತೆಯಲ್ಲಿ ಇಳಿದು ನೋಡೋಣ. ಕೋಪೆಪಾಡ್ ಎಂಬ, ಅಕ್ಕಿಕಾಳಿಗಿಂತ ಸಣ್ಣದಾದ, ಸೀಗಡಿಯ ದೂರದ ನಂಟಿನ ಜೀವಿಯೊಂದು ಗಾಜಿನಂಥ ಚಿಪ್ಪುಳ್ಳ ಪ್ಲವಕಗಳಾದ ಡಯಾಟಮ್‌ಗಳನ್ನು ಮೇದು ಹಾಕಿದ ಮಲದ ಗುಳಿಗೆಯು, ಒಡೆದ ಗಾಜುಚಿಪ್ಪುಗಳು ಸತ್ತ ಕೋಶಗಳು ಎಲ್ಲವನ್ನೂ ಲೋಳೆಯಿಂದ ಅಂಟಿಸಿಕೊಂಡು ನಸುಬಿಳಿಯ ಚೂರಾಗಿ, ದಿನಕ್ಕೆ 100 ಮೀಟರಿನಂತೆ ಇಳಿಯುತ್ತಿದೆಯೆನ್ನಿ. ಹೊರಟ ಗಳಿಗೆಯಿಂದಲೇ ಬ್ಯಾಕ್ಟೀರಿಯಾಗಳು ಅದರ ಮೇಲೆ ಮನೆಮಾಡಿ ಕರಗಿಸುತ್ತಿರುತ್ತವೆ. ದಾರಿಯಲ್ಲಿ ಸಿಕ್ಕಿದ ಸಣ್ಣಪುಟ್ಟ ಪ್ರಾಣಿಗಳು ಕಚ್ಚಿ ಚೂರುಮಾಡುತ್ತವೆ. ಚೂರಾದದ್ದು ಇನ್ನೂ ನಿಧಾನವಾಗಿ ಇಳಿದು ಇನ್ನೂ ಬೇಗ ಕರಗುತ್ತದೆ. ಕ್ಯಾಲಿಫೋರ್ನಿಯದ ಜಾನ್ ಮಾರ್ಟಿನ್ ಮತ್ತು ಸಂಗಡಿಗರು ಪೆಸಿಫಿಕ್ ಸಾಗರದಲ್ಲಿ ಬೇರೆಬೇರೆ ಆಳಗಳಲ್ಲಿ ಬಲೆಪಾತ್ರೆಗಳನ್ನಿಳಿಸಿ ಇಂಥ ಕಣಗಳನ್ನು ಹಿಡಿದು 1987ರಲ್ಲಿ ಪ್ರಕಟಿಸಿದ ಸೂತ್ರದಂತೆ, 100 ಮೀಟರಿನಲ್ಲಿ ನೂರು ಪಾಲು ಇದ್ದ ಇಂಗಾಲವು 200 ಮೀಟರಿಗೆ 55 ಪಾಲು, 500 ಮೀಟರಿಗೆ 25 ಪಾಲು, 1,000 ಮೀಟರಿಗೆ 14 ಪಾಲು ಆಗಿ ಉಳಿಯುತ್ತದೆ. ಸಂಧ್ಯಾವಲಯದ ಮೇಲ್ಭಾಗದಲ್ಲಿ ಕರಗಿದ್ದು ಕೆಲವೇ ವರ್ಷಗಳಲ್ಲಿ ಅಥವಾ ದಶಕಗಳಲ್ಲಿ ಗಾಳಿಗೆ ಮರಳೀತು. ತಳದ ಎಲ್ಲೆಯನ್ನು ದಾಟಿದ 14 ಪಾಲು ಶತಮಾನಗಳ ಕಾಲ ಮರಳುವುದಿಲ್ಲ. ಅಂದಮೇಲೆ ಈ 800 ಮೀಟರುಗಳ ಪ್ರಯಾಣದಲ್ಲಿ, ಎಲ್ಲಿ ಎಷ್ಟು ಕರಗಿತೆಂಬ ಸೂಕ್ಷ್ಮ ವ್ಯತ್ಯಾಸದಲ್ಲಿ, ವಾತಾವರಣದ ಭವಿಷ್ಯ ಅಡಗಿದೆ. 2009ರಲ್ಲಿ ಕ್ವಾನ್, ಪ್ರಿಮೋ, ಸಾರ್ಮಿಯೆಂಟೊ ಎಂಬ ಮೂವರು ಮಾಡಿದ ಗಣನೆಯಲ್ಲಿ, ಇಂಗಾಲ ಕರಗುವ ಸರಾಸರಿ ಆಳವು ಜಗತ್ತಿನಾದ್ಯಂತ ಬರಿಯ 24 ಮೀಟರಿನಷ್ಟು ಬದಲಾದರೆ ಸಮುದ್ರವೂ ವಾತಾವರಣವೂ ಹೊಸ ಸಮಸ್ಥಿತಿಗೆ ಬರುವ ವೇಳೆಗೆ ಗಾಳಿಯ ಇಂಗಾಲಾಮ್ಲವು ದಶಲಕ್ಷಕ್ಕೆ 10ರಿಂದ 27 ಭಾಗಗಳವರೆಗೆ ಬದಲಾಗುತ್ತದೆಂದು ಕಂಡುಬಂದಿತು.

ಈಗ ಆ ಆಳವು ಯಾವ ದಿಕ್ಕಿಗೆ ಸರಿಯುವ ಸಂಭವವಿದೆಯೆಂಬುದನ್ನು ನೋಡಬೇಕು. ಅದನ್ನು ನಿರ್ಣಯಿಸುವ ಕಾರಣಗಳು ಹಲವು; ಮುಖ್ಯವಾದವು ಇವು:

1. ಉಷ್ಣತೆ. ಬ್ಯಾಕ್ಟೀರಿಯಾಗಳ ಜೀರ್ಣಕ್ರಿಯೆಯು 10 ಡಿಗ್ರಿ ಶಾಖ ಹೆಚ್ಚಿದರೆ ಸುಮಾರಾಗಿ ಇಮ್ಮಡಿಯಾಗುತ್ತದೆ. ಪ್ಲವಕಗಳ ಬೆಳವಣಿಗೆಗೆ ಶಾಖದಿಂದ ಅಷ್ಟು ಲಾಭವಿಲ್ಲ. ಭೂಮಿಯಲ್ಲಿ ಹೆಚ್ಚಾದ ಶಾಖದ ಶೇಕಡಾ 90ರಷ್ಟನ್ನು ಸಮುದ್ರವೇ ಹೊತ್ತಿರುವುದರಿಂದ, ಕಣಗಳು ಮೊದಲಿಗಿಂತ ಮೇಲೆಯೇ ಕರಗುವ ಪ್ರವೃತ್ತಿಯನ್ನು ನಿರೀಕ್ಷಿಸಬೇಕಾಗಿದೆ.

2. ಕಣದ ಗಾತ್ರ. ಕಾದ ಮೇಲ್ನೀರು ತೇಲಿ ನಿಂತು ಆಳದ ಪೋಷಕಾಂಶವನ್ನು ತಡೆದಾಗ, ಭಾರವಾದ ಗಾಜುಚಿಪ್ಪಿನ ಡಯಾಟಮ್‌ಗಳು ಸೋತು, ಬಡತನದಲ್ಲಿಯೂ ಬಾಳಬಲ್ಲ ಅತಿಸೂಕ್ಷ್ಮ ಪ್ಲವಕಗಳು ಗೆಲ್ಲುತ್ತವೆ. ಅವುಗಳ ಕಳೇಬರಗಳು ಹಗುರ, ನಿಧಾನ, ದಾರಿಯಲ್ಲಿಯೇ ಮುಗಿದುಹೋಗುತ್ತವೆ.

3. ಸಂಚಾರಿ ಪ್ರಾಣಿಗಳು. ಮೇಲಿನಿಂದ ಬೀಳುವ ಆಹಾರ ಕಡಿಮೆಯಾದರೆ ಅದನ್ನು ನಂಬಿದ ಸಂಧ್ಯಾವಲಯದ ಪ್ರಾಣಿಗಳು ಕ್ಷೀಣಿಸಿ, ಇಂಗಾಲವನ್ನು ಒಡಲಿನಲ್ಲಿ ಹೊತ್ತು ಇಳಿಯುವ ಸೇವೆಯೂ ಕುಗ್ಗುತ್ತದೆ.

ಇದು ಕೇವಲ ತರ್ಕವಿಲಾಸವೆಂದು ತಳ್ಳುವಂತಿಲ್ಲ. ಭೂಮಿಯು ಒಮ್ಮೆ ಈ ಪ್ರಯೋಗವನ್ನು ತಾನೇ ಮಾಡಿಟ್ಟಿದೆ. ಫೊರಾಮಿನಿಫೆರ ಎಂಬ ಏಕಕೋಶಜೀವಿಗಳಲ್ಲಿ ಬೇರೆಬೇರೆ ಜಾತಿಗಳು ಬೇರೆಬೇರೆ ಆಳಗಳಲ್ಲಿ ಬಾಳಿ, ಆಯಾ ನೀರಿನ ರಾಸಾಯನಿಕ ಮುದ್ರೆಯನ್ನು ತಮ್ಮ ಸುಣ್ಣದ ಚಿಪ್ಪಿನಲ್ಲಿ ಉಳಿಸಿಹೋಗುತ್ತವೆ. ಸಮುದ್ರತಳದ ಕೆಸರನ್ನು ಕೊರೆದು ತೆಗೆದು ಇವನ್ನು ಹೆಕ್ಕಿ ನೋಡಿದವರು, ಭೂಮಿಯು ಬಹಳ ಬಿಸಿಯಾಗಿದ್ದ ಸುಮಾರು 5 ಕೋಟಿ ವರ್ಷಗಳ ಹಿಂದಣ ಕಾಲದಲ್ಲಿ ಆಹಾರವು ಮೇಲಿನ ನೀರಿನಲ್ಲಿಯೇ ಬಹುಪಾಲು ಕೊಳೆತುಹೋಗುತ್ತಿತ್ತೆಂದೂ, ಸಂಧ್ಯಾವಲಯದಲ್ಲಿ ಇಂದಿನ ಜೀವಸಮೃದ್ಧಿ ಇರಲಿಲ್ಲವೆಂದೂ ನಿರ್ಣಯಿಸಿದ್ದಾರೆ. ನೀರು ತಣ್ಣಗಾದ ಮೇಲೆಯೇ ಅಲ್ಲಿಯ ಬಾಳು ಹಬ್ಬಿತು. ಈ ಸಾಕ್ಷ್ಯವನ್ನು ಆಧಾರವಾಗಿಟ್ಟುಕೊಂಡು ಕ್ಯಾಥರೀನ್ ಕ್ರೈಟನ್ ಮತ್ತು ಸಹೋದ್ಯೋಗಿಗಳು 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ, ಹೊಗೆಯನ್ನು ಬೇಗನೆ ತಗ್ಗಿಸದಿದ್ದರೆ ಈ ಶತಮಾನದ ಕೊನೆಗೆ ಸಂಧ್ಯಾವಲಯದ ಜೀವರಾಶಿ ಶೇಕಡಾ 20ರಿಂದ 40ರಷ್ಟು ಕುಗ್ಗಬಹುದು. ಒಮ್ಮೆ ಕುಗ್ಗಿದ್ದು ಚೇತರಿಸಿಕೊಳ್ಳುವುದಕ್ಕೆ ಸಾವಿರಾರು ವರ್ಷಗಳು ಬೇಕಾದಾವು.

ಪ್ರಾಮಾಣಿಕನಾದ ವಿಮರ್ಶಕನು ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪವನ್ನೆತ್ತಬಲ್ಲನು, ಅದನ್ನು ಮರೆಮಾಚುವುದು ಸಲ್ಲದು. ನೀರು ಪದರಪದರವಾಗಿ ನಿಂತು ಪ್ರವಾಹಗಳು ನಿಧಾನಿಸಿದರೆ, ಇಳಿಯುವ ಇಂಗಾಲ ಕಡಿಮೆಯಾದರೂ ಮರಳುವ ಇಂಗಾಲ ಅದಕ್ಕಿಂತ ಹೆಚ್ಚು ಕಡಿಮೆಯಾಗುವುದು ಸಾಧ್ಯ. ಆಗ ಕೊಳೆತ ಇಂಗಾಲವು ಆಳದಲ್ಲಿ ಹೆಚ್ಚಾಗಿ ಕೂಡಿಬಿಡುತ್ತದೆ. ಹಲವು ಗಣಕಮಾದರಿಗಳಲ್ಲಿ ಈ ಶತಮಾನದ ಮಟ್ಟಿಗೆ ಹೀಗೆಯೇ ಕಾಣುತ್ತದೆ. ನಾನು ಇದನ್ನು ಒಪ್ಪುತ್ತೇನೆ. ಆದರೆ ಇದು ಪೂರ್ವಪಕ್ಷಕ್ಕೆ ಯಾವ ಆಸರೆಯನ್ನೂ ಕೊಡುವುದಿಲ್ಲ. ಪ್ರವಾಹವು ನಿಧಾನಿಸಿದ ಫಲವಾಗಿಯೇ ರಸಾಯನದ ಹೀರಿಕೆಯೂ ನಿಧಾನಿಸುತ್ತದೆಂಬುದನ್ನು ಮರೆತರೆ ಮಾತ್ರ ಇದು ಲಾಭವಾಗಿ ತೋರುತ್ತದೆ. ಮೇಲಾಗಿ ಆಳದ ನೀರು ಮೇಲೆ ಬಾರದೆ ನಿಂತಲ್ಲಿಯೇ ನಿಂತರೆ ಅದಕ್ಕೆ ಹೊಸ ಆಮ್ಲಜನಕವೂ ದೊರೆಯದು. ಅದರ ಪರಿಣಾಮವನ್ನು ಕಾಣುವುದಕ್ಕೆ ನಾವು ದೂರ ಹೋಗಬೇಕಾದ್ದಿಲ್ಲ. ಕಾರವಾರದಿಂದ ಮಂಗಳೂರಿನವರೆಗೆ ನಮ್ಮ ಕರಾವಳಿಯನ್ನು ತೊಳೆಯುವ ಅರಬ್ಬೀ ಸಮುದ್ರವೇ ನಿದರ್ಶನ. ಮುಂಗಾರಿನ ಗಾಳಿಯು ಸೊಮಾಲಿಯ, ಓಮಾನ್‌ಗಳ ತೀರದಲ್ಲಿ ಆಳದ ನೀರನ್ನು ಮೇಲಕ್ಕೆಳೆದು ಅಪಾರವಾದ ಪ್ಲವಕಗಳನ್ನು ಬೆಳೆಸುತ್ತದೆ. ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರೂ ಜರ್ಮನ್ ವಿಜ್ಞಾನಿಗಳೂ ಸೇರಿ 1986ರಿಂದ ಆ ಸಮುದ್ರದಲ್ಲಿ ಬಲೆಪಾತ್ರೆಗಳನ್ನಿಳಿಸಿ, ಆಳಕ್ಕೆ ಬೀಳುವ ಕಣಗಳ ಮಳೆಯೂ ಮುಂಗಾರಿನೊಡನೆ ಏರಿಳಿಯುತ್ತದೆಂದು ತೋರಿಸಿದರು. ಅದೆಲ್ಲ ಕೊಳೆಯುವಾಗ ಆಮ್ಲಜನಕವನ್ನು ಕಬಳಿಸುತ್ತದೆ. ಉತ್ತರಕ್ಕೆ ಏಷ್ಯದ ನೆಲವು ಅಡ್ಡಗಟ್ಟಿರುವುದರಿಂದ ಹೊಸ ನೀರಿನ ಬರವು ಅಲ್ಪ. ಆದ್ದರಿಂದ ಅರಬ್ಬೀ ಸಮುದ್ರದ ಉತ್ತರಮಧ್ಯಭಾಗದಲ್ಲಿ ಸುಮಾರು 150ರಿಂದ 1,000 ಮೀಟರ್‌ವರೆಗಿನ ಸ್ತರ, ಎಂದರೆ ಸಂಧ್ಯಾವಲಯವೆಲ್ಲವೂ, ಬಹುತೇಕ ಉಸಿರಿಲ್ಲದ ನೀರು. ಅಲ್ಲಿ ಬ್ಯಾಕ್ಟೀರಿಯಾಗಳು ಆಮ್ಲಜನಕದ ಬದಲು ನೈಟ್ರೇಟನ್ನು ಉಸಿರಾಡಿ, ಸಮುದ್ರದ ಪೋಷಕಾಂಶವನ್ನೇ ಸಾರಜನಕ ವಾಯುವಾಗಿ ಕಳೆದುಬಿಡುತ್ತವೆ. ಜೊತೆಗೆ ತೂಕಕ್ಕೆ ತೂಕ ಇಂಗಾಲಾಮ್ಲದ ಸುಮಾರು 270 ಪಟ್ಟು ಶಾಖ ಹಿಡಿಯುವ ನೈಟ್ರಸ್ ಆಕ್ಸೈಡನ್ನೂ ಹುಟ್ಟಿಸುತ್ತವೆ. ಇಂಥ ನೀರಿನಲ್ಲಿ ಕಣಗಳನ್ನು ಕಚ್ಚಿ ಚೂರುಮಾಡುವ ಪ್ರಾಣಿಗಳು ವಿರಳವಾದ್ದರಿಂದ ಆ ಕಣಗಳು ಹೆಚ್ಚು ಆಳಕ್ಕೆ ಇಳಿಯುತ್ತವೆಂಬುದೂ ನಿಜ. ಜೀವಿಗಳ ಕೃಪೆಯಿಂದ ಇಂಗಾಲ ಇಳಿಯುತ್ತದೆಂದು ವಾದ ಹೂಡಿದವರು, ಜೀವಿಗಳು ಉಸಿರುಕಟ್ಟಿ ಇಲ್ಲವಾದದ್ದರಿಂದ ಬಂದ ಈ ಲಾಭವನ್ನು ತಮ್ಮ ಪಕ್ಷಕ್ಕೆ ಸೇರಿಸಿಕೊಳ್ಳುವುದು ಮಾತ್ರ ವಿಚಿತ್ರವಾದ ನ್ಯಾಯ.

ಉಳಿದದ್ದು "ಸ್ವಲ್ಪ ನೆರವು ಕೊಟ್ಟರೆ" ಎಂಬ ಭಾಗ. ಕಬ್ಬಿಣದ ಕೊರತೆಯಿರುವ ಸಾಗರಭಾಗಗಳಲ್ಲಿ ಕಬ್ಬಿಣದ ಉಪ್ಪನ್ನು ಚೆಲ್ಲಿ ಪ್ಲವಕಗಳನ್ನು ಬೆಳೆಸಿದರೆ ಇಂಗಾಲ ಹೆಚ್ಚಾಗಿ ಮುಳುಗೀತೆಂಬ ಸಲಹೆಗೂ ಆ ಜಾನ್ ಮಾರ್ಟಿನ್ ಅವರೇ ಮೂಲಪುರುಷರು. ಇದರ ಪರೀಕ್ಷೆಯಲ್ಲಿ ಭಾರತಕ್ಕೂ ಪಾಲಿದೆ. ಗೋವೆಯ ಸಂಸ್ಥೆಯೂ ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆಯೂ ಸೇರಿ, ವಾಜಿಹ್ ನಖ್ವಿ ಮತ್ತು ವಿಕ್ಟರ್ ಸ್ಮೆಟಾಚೆಕ್ ಅವರ ನೇತೃತ್ವದಲ್ಲಿ, 2009ರ ಆರಂಭದಲ್ಲಿ 'ಪೋಲಾರ್‌ಸ್ಟರ್ನ್' ಹಡಗಿನಲ್ಲಿ ದಕ್ಷಿಣ ಸಾಗರಕ್ಕೆ ಹೋಗಿ, ಸುಳಿಯೊಂದರ ನಡುವೆ ಸುಮಾರು 300 ಚದರ ಕಿಲೋಮೀಟರ್ ವಿಸ್ತಾರದಲ್ಲಿ ಕಬ್ಬಿಣದ ಸಲ್ಫೇಟನ್ನು ಕರಗಿಸಿ ಬಿಟ್ಟರು. ಪ್ರಯೋಗದ ಹೆಸರು ಲೋಹಾಫೆಕ್ಸ್. ಪ್ಲವಕಗಳು ಬೆಳೆದವು, ನೀರು ಹಸುರೇರಿತು. ಆದರೆ ಆ ನೀರಿನಲ್ಲಿ ಗಾಜುಚಿಪ್ಪಿಗೆ ಬೇಕಾದ ಸಿಲಿಕ ಮೊದಲೇ ಮುಗಿದಿದ್ದುದರಿಂದ ಡಯಾಟಮ್‌ಗಳು ಏಳಲಿಲ್ಲ; ಎದ್ದ ಮೆದು ಪ್ಲವಕಗಳನ್ನು ಕೋಪೆಪಾಡ್‌ಗಳು ಮೇದವು, ಕೋಪೆಪಾಡ್‌ಗಳ ಮೇಲೆ ಅವಕ್ಕಿಂತ ದೊಡ್ಡ ಆಂಫಿಪಾಡ್‌ಗಳು ಎರಗಿದವು; ಆಳಕ್ಕೆ ಇಳಿದ ಇಂಗಾಲ ಅತ್ಯಲ್ಪ. ಸೋತ ಪ್ರಯೋಗವೆಂದು ಇದನ್ನು ಕೆಲವರು ಹಳಿದರು. ನನ್ನ ಮಟ್ಟಿಗೆ ಇದಕ್ಕಿಂತ ಸಾರ್ಥಕವಾದ ಪ್ರಯೋಗಗಳು ಕಡಿಮೆ. ಮೇಲೆ ಬೆಳೆಸುವುದು ಬೇರೆ, ಕೆಳಗೆ ಹೂಳುವುದು ಬೇರೆ, ಅವೆರಡರ ನಡುವೆ ನಿಂತು ತೀರ್ಪು ಕೊಡುವುದು ಯಾರಿಗೂ ಅಧೀನವಲ್ಲದ ಒಂದು ಜೀವಸಮಾಜವೆಂಬುದನ್ನು ಅದು ಕಣ್ಣೆದುರಿಗೆ ಇಟ್ಟಿತು.

ಈ ಜೀವಸಮಾಜದಿಂದ ಮೀನು ಹಿಡಿಯುವ ಪ್ರಶ್ನೆಯನ್ನೂ ಸಂಕ್ಷೇಪವಾಗಿ ಹೇಳುತ್ತೇನೆ. ಸಂಧ್ಯಾವಲಯದ ಮೀನುಗಳ ಒಟ್ಟು ತೂಕ 100 ಕೋಟಿ ಟನ್ ಎಂದು ಹಿಂದೆ ನಂಬಿದ್ದರು. 2010ರ ಮಾಲಾಸ್ಪಿನ ಎಂಬ ಸಮುದ್ರಸಂಶೋಧನಾ ಯಾತ್ರೆಯ ಸೋನಾರ್ ದಾಖಲೆಗಳಿಂದ 2014ರಲ್ಲಿ ಅದು 1,000 ಕೋಟಿ ಟನ್‌ಗಳಷ್ಟಿರಬಹುದೆಂಬ ಅಂದಾಜು ಬಂದಿತು. ಜಗತ್ತಿನ ಸಮುದ್ರಗಳಿಂದ ವರ್ಷಕ್ಕೆ ಹಿಡಿಯುವ ಮೀನು ಸುಮಾರು 8 ಕೋಟಿ ಟನ್ ಮಾತ್ರವಾದ್ದರಿಂದ, ಇಷ್ಟು ದೊಡ್ಡ ನಿಧಿಯನ್ನು ಮುಟ್ಟದೆ ಬಿಡುವುದು ಮೌಢ್ಯವೆಂದು ಹೇಳುವವರು ಹುಟ್ಟಿಕೊಂಡರು. ನಾರ್ವೆ ಪ್ರಾಯೋಗಿಕ ಪರವಾನಗಿಗಳನ್ನು ಕೊಟ್ಟಿದೆ. ಓಮಾನ್ ಕೊಲ್ಲಿಯಲ್ಲಿ ಇರಾನ್ ಲಾಂದ್ರಮೀನನ್ನು ಹಿಡಿಯುವ ಯತ್ನ ಮಾಡಿದೆ. ಈ ಮೀನು ಮುಖ್ಯವಾಗಿ ಹೋಗುವುದು ಊಟದ ತಟ್ಟೆಗಲ್ಲ. ಮೀನೆಣ್ಣೆ, ಫಿಶ್‌ಮೀಲ್ ಕಾರ್ಖಾನೆಗಳಿಗೆ. ಮಂಗಳೂರು, ಉಡುಪಿಗಳ ಕರಾವಳಿಯಲ್ಲಿ ಬೂತಾಯಿ ಮೀನನ್ನು ನಂಬಿ ನಿಂತ ಇಂಥ ಕಾರ್ಖಾನೆಗಳನ್ನು ಬಲ್ಲವರಿಗೆ, ಬೂತಾಯಿ ಕೈಕೊಟ್ಟ ವರ್ಷಗಳಲ್ಲಿ ಆ ಹಸಿವು ಎತ್ತ ತಿರುಗೀತೆಂಬುದನ್ನು ಊಹಿಸುವುದು ಕಷ್ಟವಲ್ಲ. ಆದರೆ ಎರಡು ಅಂದಾಜುಗಳ ನಡುವಣ ಆ ಹತ್ತು ಪಟ್ಟಿನ ವ್ಯತ್ಯಾಸವನ್ನು ಗಮನಿಸಬೇಕು. ಸೋನಾರಿಗೆ ಪ್ರತಿಧ್ವನಿ ಕೊಡುವುದು ಮೀನಿನ ಗಾಳಿಚೀಲ. ಸೈಫೊನೊಫೋರ್ ಎಂಬ ಲೋಳೆಜೀವಿಗಳಿಗೂ ಅಂಥದೇ ಗಾಳಿಗುಳ್ಳೆಯುಂಟು, ಅವುಗಳ ಪ್ರತಿಧ್ವನಿಯನ್ನು ಮೀನಿನದರಿಂದ ಬಿಡಿಸುವುದು ಸುಲಭವಲ್ಲ. ಎಷ್ಟಿದೆಯೆಂದು ಹತ್ತು ಪಟ್ಟಿನೊಳಗೂ ಹೇಳಲಾಗದ ನಿಧಿಯಿಂದ ಎಷ್ಟು ತೆಗೆದರೆ ಹಾನಿಯಿಲ್ಲವೆಂದು ಹೇಳುವುದು ಯಾವ ಪ್ರಮಾಣದಿಂದ? ಹಾನಿಯಿಲ್ಲವೆಂದು ಸಾಧಿಸುವ ಹೊಣೆ ಬಲೆ ಬೀಸುವವನದಾಗಬೇಕಲ್ಲದೆ ಬೇಡವೆನ್ನುವವನದಲ್ಲ.

ನಾವು ಪಳೆಯುಳಿಕೆಯ ಇಂಧನಗಳಿಂದ ವರ್ಷಕ್ಕೆ ಸುಮಾರು 1,000 ಕೋಟಿ ಟನ್ ಇಂಗಾಲವನ್ನು ಗಾಳಿಗೆ ಬಿಡುತ್ತಿದ್ದೇವೆ, ಇಂಗಾಲಾಮ್ಲವು ದಶಲಕ್ಷಕ್ಕೆ 420 ಭಾಗಗಳನ್ನು ಮೀರಿದೆ. ಸಂಧ್ಯಾವಲಯವು ಈ ಸಾಲವನ್ನು ತೀರಿಸುತ್ತಿಲ್ಲ, ತೀರಿಸಲಾರದು. ಅದು ಕೆಟ್ಟರೆ ಸಾಲ ಇನ್ನೂ ಬೆಳೆಯುತ್ತದೆ. ಸಮುದ್ರದಲ್ಲಿ ಪ್ಲವಕ ಬೆಳೆಸಿಯೋ ಕಡಲಕಳೆ ಮುಳುಗಿಸಿಯೋ ಇಂಗಾಲವನ್ನು ಹೂಳುತ್ತೇವೆಂದು ಹೇಳಿ, ಹೊಗೆಯುಗುಳುವ ಉದ್ಯಮಗಳಿಗೆ ಪರಿಹಾರಪತ್ರ ಮಾರುವವರು ಈಗಾಗಲೇ ಹೊರಟಿದ್ದಾರೆ. ಇಂಥ ಪತ್ರವನ್ನು ಕೊಳ್ಳುವ ಸಂಸ್ಥೆಗಳಲ್ಲಿ ನಿರ್ಣಯ ಮಾಡುವ ಸ್ಥಾನದಲ್ಲಿರುವವರೂ ಈ ಸಾಲುಗಳನ್ನು ಓದುತ್ತಿರಬಹುದು. ಅವರು ಮಾರುವವನನ್ನು ಕೇಳಬೇಕಾದ್ದು ಇಷ್ಟು: ನೀನು ಇಳಿಸಿದ ಇಂಗಾಲವು ಎಷ್ಟು ಮೀಟರ್ ಆಳದಲ್ಲಿ ಕರಗಿತು, ಅಲ್ಲಿಂದ ಮರಳುವುದಕ್ಕೆ ಎಷ್ಟು ವರ್ಷ ಹಿಡಿಯುತ್ತದೆ, ಅದಕ್ಕಾಗಿ ಬಳಸಿದ ಪೋಷಕಾಂಶವು ಬೇರೆ ಯಾವ ನೀರಿನ ಬೆಳೆಯನ್ನು ಕಡಿಮೆ ಮಾಡಿತು? ಅಳತೆಯೊಡನೆ ಉತ್ತರ ಬರುವವರೆಗೆ ಹಣ ಕೊಡಬೇಡಿ.